ಕೊಟ್ಟ ಅಧ್ಯಾಯ ವಾಪಸ್ ಬರುವತನಕ

ಪಿಎಚ್.ಡಿ. ಎಷ್ಟು ವರ್ಷದಲ್ಲಿ ಮುಗಿಯಬೇಕು ಎಂಬುದಕ್ಕೆ ಲೆಕ್ಕವಿದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2022ರ ನಿಯಮಾವಳಿಯಂತೆ ಕೋರ್ಸ್‌ವರ್ಕ್ (ಆರಂಭದಲ್ಲಿ ಓದಿ ಪಾಸಾಗಬೇಕಾದ ವಿಷಯಗಳು) ಸೇರಿ ಕನಿಷ್ಠ 3 ವರ್ಷ, ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿ ಸಿಕ್ಕರೆ ಇನ್ನೆರಡು, ಒಟ್ಟು 8. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮತ್ತೆರಡು ಸೇರಿ 10. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಪಾಸಾಗಲು ಶೇ. 55 ಅಂಕ. ಥೀಸಿಸ್ ಸಲ್ಲಿಸಿದ ಮೇಲೆ ವೈವಾ (ಮೌಖಿಕ ಪರೀಕ್ಷೆ) ಸಹಿತ ಎಲ್ಲವೂ 6 ತಿಂಗಳೊಳಗೆ ಆಗಬೇಕೆಂಬ ಮಾತೂ ಇದೆ. ಆದರೆ ಸ್ಕಾಲರ್ ಒಂದು ಅಧ್ಯಾಯ ಬರೆದು ಗೈಡ್ ಕೈಗೆ ಕೊಟ್ಟರೆ ಅದು ಎಷ್ಟು ದಿನದಲ್ಲಿ ಕರೆಕ್ಷನ್ ಆಗಿ ವಾಪಸ್ ಬರಬೇಕು ಎಂಬುದು ಆ ನಿಯಮಾವಳಿಯ ಯಾವ ಪುಟದಲ್ಲೂ ಇಲ್ಲ. ಇಬ್ಬರ ನಡುವಿನ ಮುನಿಸೆಲ್ಲ ಹುಟ್ಟುವುದು ಈ ಖಾಲಿ ಜಾಗದಲ್ಲಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಖಾಲಿ ಜಾಗ ಇನ್ನಷ್ಟು ಅಗಲ. ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಎಲ್ಲಿಯೇ ನೋಂದಾಯಿಸಿದರೂ ಸ್ಕಾಲರ್‌ಗಳಲ್ಲಿ ಒಂದು ದೊಡ್ಡ ಪಾಲು ಬೇರೆ ಊರಲ್ಲಿ ಕೆಲಸ ಮಾಡುತ್ತ ಓದುವವರು. ಸಿಂದಗಿಯಲ್ಲಿ ಪಿಯು ಲೆಕ್ಚರರ್, ಗೈಡ್ ಬೆಳಗಾವಿಯಲ್ಲಿ. ಹುನಗುಂದದಲ್ಲಿ ಅತಿಥಿ ಉಪನ್ಯಾಸಕಿ, ಗೈಡ್ ವಿಜಯಪುರದಲ್ಲಿ. ವಿಜಯಪುರದಿಂದ ಬೆಳಗಾವಿಗೆ ಸುಮಾರು 200 ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಬರುವುದರಲ್ಲಿ ಒಂದು ದಿನ ಹೋಯಿತು. ಇಂಥವರು ತಮಗೆ ರಜೆ ಇರುವ ದಿನ ನೋಡಿಕೊಂಡು ಬರುತ್ತಾರೆ, ಗೈಡ್‌ಗೂ ಅಂದೇ ರಜೆ. ಬಂದವರು ಪ್ರಿಂಟ್ ಹಾಕಿದ ಕಟ್ಟನ್ನು ಡಿಪಾರ್ಟ್‌ಮೆಂಟಿನ ಸಿಪಾಯಿ ಕೈಗೆ ಕೊಟ್ಟು, ಫೋನ್ ಮಾಡಿ ಹೇಳಿ ಹೋಗುತ್ತಾರೆ. ಆ ಕಟ್ಟಿನ ಕಥೆ ಅಲ್ಲಿಗೆ ನಿಂತಿತು ಅಂತಲೇ ತಿಳಿಯಬೇಕು.

ಮೊದಲು ಗೈಡ್‌ನ ಸಮಯದ ಲೆಕ್ಕ

ಕರೆಕ್ಷನ್ ತಡವಾದರೆ ಸ್ಕಾಲರ್ ಮೊದಲು ಹೇಳುವುದು 'ಸರ್‌ಗೆ ಆಸಕ್ತಿ ಇಲ್ಲ' ಅಂತ. ಕೆಲವರಿಗೆ ಇಲ್ಲದಿರುವುದೂ ಉಂಟು. ಬಹಳ ಸಲ ವಿಷಯ ಬರೀ ತಾಸಿನದು. ಅಂಚಿನಲ್ಲಿ ಗುರುತು ಹಾಕುತ್ತ, ಅಡಿಟಿಪ್ಪಣಿ ತಾಳೆ ನೋಡುತ್ತ, ಕೋಷ್ಟಕ ಕೂಡಿಸಿ ನೋಡುತ್ತ ಓದಿದರೆ ಗಂಟೆಗೆ ಆರೇಳು ಪುಟಕ್ಕಿಂತ ಹೆಚ್ಚು ಸಾಗುವುದಿಲ್ಲ. 40 ಪುಟದ ಅಧ್ಯಾಯಕ್ಕೆ ಆರು ತಾಸು ಹಿಡಿಯಿರಿ. ಅದೂ ನಡುವೆ ಯಾರೂ ಬಾಗಿಲು ತಟ್ಟದ ಆರು ತಾಸು.

ಪ್ರೊಫೆಸರ್ ಏಕಕಾಲಕ್ಕೆ 8 ಜನ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸ್ಕಾಲರ್‌ಗಳನ್ನು ಇಟ್ಟುಕೊಳ್ಳಬಹುದು. ವಾರದ ನೇರ ಪಾಠ ಅಸಿಸ್ಟೆಂಟ್‌ಗೆ 16 ತಾಸು, ಮೇಲಿನವರಿಗೆ 14. ಇದರ ಮೇಲೆ ಇಂಟರ್ನಲ್ಸ್, ಎಂ.ಎ. ಡಿಸರ್ಟೇಶನ್, ಬಿಒಎಸ್ (ಪಠ್ಯಕ್ರಮ ಮಂಡಳಿ) ಸಭೆ, ನ್ಯಾಕ್ (ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಫೈಲು, ಅಡ್ಮಿಶನ್, ಮೌಲ್ಯಮಾಪನ. ಎಂಟರಲ್ಲಿ ನಾಲ್ವರು ಒಂದೇ ತಿಂಗಳು ಅಧ್ಯಾಯ ತಂದರೆ 24 ತಾಸು ಆಯಿತು. ಆ ತಾಸು ರಾತ್ರಿಯಿಂದಲೋ ಭಾನುವಾರದಿಂದಲೋ ಬರಬೇಕು, ಬೇರೆ ಎಲ್ಲಿಂದಲೂ ಬರುವುದಿಲ್ಲ.

ನಾಲ್ವರೂ ಒಟ್ಟಿಗೆ ತರುವುದಕ್ಕೂ ಕಾರಣವಿದೆ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿ, ಅಂದರೆ ಆರ್‌ಎಸಿ, ಕೂರುತ್ತದೆ. ವಿಟಿಯುನಲ್ಲಿ ಇದನ್ನು ಡಾಕ್ಟೋರಲ್ ಕಮಿಟಿ ಎನ್ನುತ್ತಾರೆ. ಸ್ಕಾಲರ್ ಅದರ ಮುಂದೆ ಪ್ರೆಸೆಂಟೇಶನ್ ಕೊಟ್ಟು ಪ್ರೋಗ್ರೆಸ್ ರಿಪೋರ್ಟ್ ಒಪ್ಪಿಸಬೇಕು. ಐದು ತಿಂಗಳು ಸುಮ್ಮನಿದ್ದವರೆಲ್ಲ ಆರ್‌ಎಸಿ ನೋಟಿಸ್ ಬಂದ ವಾರ ಎಚ್ಚರವಾಗಿ ಅಧ್ಯಾಯ ಹಿಡಿದು ಓಡಿ ಬರುತ್ತಾರೆ. ಆ ವಾರ ಕೊಟ್ಟ ಯಾವ ಅಧ್ಯಾಯವನ್ನೂ ಯಾವ ಗೈಡೂ ಸರಿಯಾಗಿ ಓದುವುದಿಲ್ಲ. ಶೀರ್ಷಿಕೆ ನೋಡಿ, ಕೊನೆಯ ಪುಟ ನೋಡಿ, ಸಹಿ ಹಾಕುತ್ತಾರೆ. ಓದಿಸಿಕೊಳ್ಳಬೇಕು ಅನ್ನುವವರು ಸಮಿತಿಗೆ ಏಳೆಂಟು ವಾರ ಮೊದಲೇ ಕೊಟ್ಟುಬಿಡಬೇಕು. ಆಗ ಸಾಲಿನಲ್ಲಿ ನೀವೊಬ್ಬರೇ ಇರುತ್ತೀರಿ.

ಕೊಡಬಾರದ ವಾರಗಳನ್ನೂ ತಿಳಿದಿಟ್ಟುಕೊಳ್ಳಬೇಕು. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲಿನ ಮೌಲ್ಯಮಾಪನದ ವಾರಗಳು, ಪಿಜಿ ಅಡ್ಮಿಶನ್, ನ್ಯಾಕ್ ತಂಡ ಬರುವ ತಿಂಗಳು. ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ಬೆಳಗಾವಿಯಲ್ಲಿ ಸುವರ್ಣಸೌಧದ ಚಳಿಗಾಲದ ಅಧಿವೇಶನದ ದಿನಗಳು, ಆಗ ಹೊರಗಿನಿಂದ ಬಂದ ಸ್ಕಾಲರ್‌ಗೆ ಒಂದು ರಾತ್ರಿ ಉಳಿಯಲು ಲಾಡ್ಜಿನ ರೂಮೂ ಸಿಗುವುದು ಕಷ್ಟ. ವರ್ಷದ ಆರಂಭದಲ್ಲಿ ವಿಶ್ವವಿದ್ಯಾಲಯದ ಕ್ಯಾಲೆಂಡರ್ ಹಿಡಿದು ಗೈಡ್ ಜೊತೆ ಒಂದರ್ಧ ತಾಸು ಕೂತು ಈ ವಾರಗಳ ಮೇಲೆ ಕಾಟು ಹಾಕಿಕೊಂಡರೆ ಉಳಿಯುವ ವಾರಗಳು ಎಷ್ಟು ಕಡಿಮೆ ಅನ್ನುವುದು ಇಬ್ಬರಿಗೂ ಗೊತ್ತಾಗುತ್ತದೆ. ಗೈಡ್‌ಗಳಲ್ಲಿ ಈ ಕೂಡುವಿಕೆಗೆ ಬೇಡ ಅಂದವರು ಕಡಿಮೆ. ಕೇಳಿದವರೇ ಕಡಿಮೆ.

ಕೂತಾಗ ಮಾತಾಡಿ ಮುಗಿಸಬೇಕಾದ ಇನ್ನೂ ಕೆಲವು ವಿಷಯಗಳಿವೆ. ಅರೆಬರೆ ಡ್ರಾಫ್ಟ್ ತರಬಹುದೋ, ಇಲ್ಲಾ ಅಚ್ಚುಕಟ್ಟಾದದ್ದೇ ಬೇಕೋ? ಪ್ರಿಂಟೋ, ವರ್ಡ್ ಫೈಲೋ? ಕರೆಕ್ಷನ್ ಬರೆದು ಕೊಡುವರೋ, ಎದುರು ಕೂರಿಸಿ ಹೇಳುವರೋ? ವಾಟ್ಸಾಪ್‌ಗೆ ಮೆಸೇಜ್ ಹಾಕಬಹುದೋ? ಜೊತೆಗೆ ಗೈಡ್ ನಿವೃತ್ತಿ ಯಾವಾಗ ಎಂಬುದು. ಕೇಳಲು ಸಂಕೋಚ, ಆದರೂ ಕೇಳಲೇಬೇಕು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ಸ್ಕಾಲರ್ ತೆಗೆದುಕೊಳ್ಳುವಂತಿಲ್ಲ. ಮೊದಲೇ ಇದ್ದವರಿಗೆ ನಿವೃತ್ತಿಯವರೆಗೆ ಗೈಡ್ ಆಗಿ, ಆಮೇಲೆ 70 ವಯಸ್ಸಿನವರೆಗೆ ಕೋ-ಗೈಡ್ ಆಗಿ ಮುಂದುವರಿಯಬಹುದು. ನಿವೃತ್ತಿಯ ಮೇಲೆ ಸಹಿ ಬೇರೆಯವರದು, ಓದುವವರು ಇವರು. ಆ ಹೊಂದಾಣಿಕೆ ಮೊದಲೇ ಆಗದಿದ್ದರೆ ಕೊನೆಯ ಎರಡು ಅಧ್ಯಾಯ ಇಬ್ಬರ ಮನೆಗಳ ನಡುವೆ ತಿರುಗುತ್ತಿರುತ್ತವೆ.

ಅಧ್ಯಾಯ ಕೊಡುವ ಕ್ರಮ

'ಇಟ್ಟ ಹೋಗ್ರಿ, ನೋಡ್ತೀನಿ.' ನಮ್ಮ ಕಡೆ ಪಿಎಚ್.ಡಿ. ಮಾಡಿದವರೆಲ್ಲ ಕೇಳಿದ ಮಾತು. ಇದರಲ್ಲಿ ತಪ್ಪೇನಿಲ್ಲ, ತಾರೀಖು ಮಾತ್ರ ಇಲ್ಲ. ಅಲ್ಲೇ ನಿಂತು 'ಆಗ್ಲಿ ಸರ್, ಇಪ್ಪತ್ತನೇ ತಾರೀಖ ಗುರುವಾರ ಬರ್ಲೇನ್ರಿ?' ಅಂದರೆ ಸರ್ ಡೈರಿ ನೋಡಿ ಒಂದು ದಿನ ಹೇಳುತ್ತಾರೆ. ಹೇಳಿದ ದಿನ ಓದಿರದಿದ್ದರೆ ಅವರಿಗೇ ಕಸಿವಿಸಿ. ತಾರೀಖು ಕೇಳುವುದು ಅಗೌರವ ಅಂತ ಹಿಂಜರಿಯುವವರು ಆಮೇಲೆ ಆರು ತಿಂಗಳು ಕಾದು ಕಾರಿಡಾರಿನಲ್ಲಿ ಬೈಯುತ್ತಾರೆ. ಎರಡರಲ್ಲಿ ಯಾವುದು ಅಗೌರವ?

ಎಷ್ಟು ದಿನ ಕೇಳಬೇಕು ಎಂಬುದು ಪುಟದ ಮೇಲೆ. ಹತ್ತು ಪುಟದ ತುಣುಕಿಗೆ ಒಂದು ವಾರ, 40 ಪುಟದ ಅಧ್ಯಾಯಕ್ಕೆ ಮೂರು ವಾರ, ಇಡೀ ಥೀಸಿಸ್‌ನ ಕೊನೆಯ ಓದಿಗೆ ಎರಡು ತಿಂಗಳು. ಇದು ನಡೆದು ನೋಡಿದ ಲೆಕ್ಕ, ಎಲ್ಲಿಯೂ ಬರೆದದ್ದಲ್ಲ. ಹತ್ತು ಪುಟದ ತುಣುಕು ಅರ್ಧ ದಿನದ ಬಿಡುವಿನಲ್ಲಿ ಮುಗಿಯುತ್ತದೆ, ಆದ್ದರಿಂದ ಬೇಗ ಬರುತ್ತದೆ. 180 ಪುಟ ಒಟ್ಟಿಗೆ ಬೈಂಡ್ ಮಾಡಿ ತಂದವರದು ಕಪಾಟಿನ ಮೇಲೆ ಕೂರುತ್ತದೆ, ಏಕೆಂದರೆ ಅದನ್ನು ಓದಲು ಬೇಕಾದಷ್ಟು ಬಿಡುವು ಒಟ್ಟಿಗೆ ಎಂದೂ ಸಿಗುವುದಿಲ್ಲ. ಎಲ್ಲ ಬರೆದು ಒಮ್ಮೆಲೇ ತೋರಿಸ್ತೀನಿ ಅನ್ನುವ ಹಟ ಸ್ಕಾಲರ್‌ಗಳಲ್ಲಿ ಬಹಳ. ಅದರಿಂದ ಆಗುವ ಇನ್ನೊಂದು ಹಾನಿ ದೊಡ್ಡದು: ಮೊದಲ ಅಧ್ಯಾಯದಲ್ಲೇ ಆದ ತಪ್ಪು, ಉದಾಹರಣೆಗೆ ಸ್ಯಾಂಪಲ್ ಆಯ್ಕೆಯದ್ದು, ಆರೂ ಅಧ್ಯಾಯಕ್ಕೆ ಹಬ್ಬಿದ ಮೇಲೆ ಗೊತ್ತಾಗುತ್ತದೆ.

ಅಧ್ಯಾಯದ ಮೇಲೆ ಒಂದು ಪುಟದ ಮುಖಪತ್ರ ಇರಲಿ. ಇಳಕಲ್ ನೇಕಾರರ ಮೇಲೆ ಕೆಲಸ ಮಾಡುವವರು ಹೀಗೆ ಬರೆಯಬಹುದು:

'ಅಧ್ಯಾಯ 4: ಇಳಕಲ್ ಕೈಮಗ್ಗ ನೇಕಾರರ ಕೂಲಿ ಮತ್ತು ಸಾಲ. 38 ಪುಟ. ಎರಡನೇ ಡ್ರಾಫ್ಟ್. ಮೊದಲ ಡ್ರಾಫ್ಟಿಗೆ ತಾವು ಹಾಕಿದ 22 ಗುರುತುಗಳಲ್ಲಿ 19 ಸರಿಪಡಿಸಿದ್ದೇನೆ. ಉಳಿದ ಮೂರಕ್ಕೆ ಕಾರಣ ಹಿಂಬದಿಯಲ್ಲಿದೆ. ಈಗ ನೋಡಬೇಕಾದದ್ದು ಎರಡು. ಒಂದು, ಪುಟ 14ರಿಂದ 21ರ ಕೋಷ್ಟಕಗಳು ಪುಟ 22ರ ತೀರ್ಮಾನಕ್ಕೆ ಸಾಕಾಗುತ್ತವೆಯೇ. ಎರಡು, ಸಾಲದ ಭಾಗವನ್ನು ಇಲ್ಲೇ ಇಡಬೇಕೋ, ಐದನೇ ಅಧ್ಯಾಯಕ್ಕೆ ಒಯ್ಯಬೇಕೋ. ಕಾಗುಣಿತ, ಭಾಷೆ ಈಗ ನೋಡುವುದು ಬೇಡ, ಮುಂದಿನ ಸಲ ತಿದ್ದಿಕೊಂಡೇ ತರುತ್ತೇನೆ. ಇಪ್ಪತ್ತನೇ ತಾರೀಖು ಮಧ್ಯಾಹ್ನ 3ಕ್ಕೆ ಬರುತ್ತೇನೆ.'

ಇಷ್ಟು ಬರೆದರೆ ಓದುವವರ ಕೆಲಸ ಅರ್ಧಕ್ಕರ್ಧ ಇಳಿಯಿತು. ಎಲ್ಲಿ ಕಣ್ಣಿಡಬೇಕು ಅನ್ನುವುದು ಗೊತ್ತು, ಒಂಬತ್ತು ಪುಟ ಬಿಗಿಯಾಗಿ ಓದಿ ಉಳಿದದ್ದರ ಮೇಲೆ ಕಣ್ಣಾಡಿಸಿದರೂ ಉತ್ತರ ಕೊಡಬಹುದು. ಪ್ರಶ್ನೆ ಇಲ್ಲದೆ ಬಂದ ಅಧ್ಯಾಯವನ್ನು ಗೈಡ್ ಮೊದಲ ಪುಟದಿಂದ ಕಾಗುಣಿತ ತಿದ್ದುತ್ತ ಶುರುಮಾಡುತ್ತಾರೆ, ಹನ್ನೆರಡನೇ ಪುಟಕ್ಕೆ ಸಾಕಾಗಿ ಮುಚ್ಚಿಡುತ್ತಾರೆ. ನಮ್ಮ ಕಡೆಯ ಎಷ್ಟೋ ಡ್ರಾಫ್ಟುಗಳಲ್ಲಿ ಮೊದಲ ಹತ್ತು ಪುಟ ಕೆಂಪು, ಆಮೇಲೆಲ್ಲ ಬಿಳಿ. ಸ್ಕಾಲರ್ ಆ ಬಿಳಿ ಪುಟಗಳು ಪಾಸಾದವು ಅಂತ ತಿಳಿಯುತ್ತಾನೆ. ಅವು ಓದೇ ಇಲ್ಲದ ಪುಟಗಳು.

ಪ್ರಿಂಟ್ ಕೊಡುವುದಾದರೆ ಒಂದೇ ಬದಿ, ಡಬಲ್ ಸ್ಪೇಸ್, ಎಡಕ್ಕೆ ಒಂದೂವರೆ ಇಂಚು ಅಂಚು, ಪ್ರತಿ ಪುಟಕ್ಕೆ ಪುಟಸಂಖ್ಯೆ, ಮೇಲೆ ಡ್ರಾಫ್ಟಿನ ತಾರೀಖು. ಸ್ಪೈರಲ್ ಬೈಂಡಿಂಗ್ ಬೇಡ, ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ, ಕ್ಲಿಪ್ ಸಾಕು. ತಾರೀಖು ಹಾಕದಿದ್ದರೆ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಗೈಡ್ ಹಳೇ ಪ್ರತಿಯನ್ನು ತಿದ್ದುತ್ತ ಕೂತಿರುತ್ತಾರೆ. ಇದು ಆಗಾಗ ಆಗುವಂಥದ್ದು, ಎರಡೂ ಕಡೆಯವರಿಗೆ ಸಿಟ್ಟು ಬರಿಸುವಂಥದ್ದು.

ನುಡಿ ಫಾಂಟಿನ ಕಥೆ ಬೇರೆ

ಕನ್ನಡದಲ್ಲಿ ಥೀಸಿಸ್ ಬರೆಯುವವರಿಗೆ ಇದೊಂದು ಹೆಚ್ಚಿನ ತೊಡಕು, ಇದರಿಂದಾಗುವ ತಡ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಡಿಟಿಪಿ ಸೆಂಟರಿನಲ್ಲಿ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ, ಅಂದರೆ ಆ ಫಾಂಟ್ ಇರುವ ಕಡೆ ಮಾತ್ರ ಕನ್ನಡವಾಗಿ ಕಾಣುವಂಥದ್ದರಲ್ಲಿ, ಟೈಪ್ ಮಾಡಿಸುತ್ತಾರೆ. ಆ ವರ್ಡ್ ಫೈಲನ್ನು ಗೈಡ್ ತಮ್ಮ ಮೊಬೈಲಿನಲ್ಲಿ ತೆರೆದರೆ ಅಕ್ಷರದ ಬದಲು ಲ್ಯಾಟಿನ್ ಚಿಹ್ನೆಗಳ ರಾಶಿ. 'ಫೈಲ್ ಓಪನ್ ಆಗ್ಲಿಲ್ಲಪಾ' ಅಂತ ಹದಿನೈದು ದಿನದ ಮೇಲೆ ಹೇಳುತ್ತಾರೆ. ಪಿಡಿಎಫ್ ಕಳಿಸಿದರೆ ಕಾಣುತ್ತದೆ, ಆದರೆ ತಿದ್ದಲಾಗುವುದಿಲ್ಲ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಕೊನೆಗೆ ಥೀಸಿಸ್ ಕೃತಿಚೌರ್ಯದ ಪರೀಕ್ಷೆಗೆ ಹೋಗಬೇಕು. ತಂತ್ರಾಂಶ ಆಸ್ಕಿ ಅಕ್ಷರವನ್ನು ಕನ್ನಡ ಅಂತ ಓದುವುದೇ ಇಲ್ಲ. ಆಗ ಇಡೀ 250 ಪುಟವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಓದಿಸಿಕೊಳ್ಳುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಬೇಕು. ಪರಿವರ್ತಕದಲ್ಲಿ ಹಾಕಿದಾಗ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳ ಕಲಸುಮೇಲೋಗರ ಆಗುತ್ತವೆ, ಅಡಿಟಿಪ್ಪಣಿಗಳು ಕಳಚಿ ಹೋಗುತ್ತವೆ, ಅರ್ಕಾವತ್ತಿನ ಪದಗಳು ಅಲ್ಲಲ್ಲಿ ಎಡವುತ್ತವೆ. ಗೈಡ್ ಎರಡು ವರ್ಷ ತಿದ್ದಿಕೊಟ್ಟ ಅಧ್ಯಾಯ ಮತ್ತೆ ಪ್ರೂಫ್ ನೋಡುವ ಸ್ಥಿತಿಗೆ ಬರುತ್ತದೆ. ಅದನ್ನು ಇನ್ನೊಮ್ಮೆ ಓದಲು ಯಾವ ಗೈಡ್‌ಗೂ ಮನಸ್ಸಿರುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಆರಂಭದ ಸಿನಾಪ್ಸಿಸ್‌ನಿಂದಲೇ (ಸಂಶೋಧನೆಯ ರೂಪರೇಷೆ) ಯೂನಿಕೋಡಿನಲ್ಲಿ ಟೈಪ್ ಮಾಡಿದವರಿಗೆ ಈ ಕಾಟವಿಲ್ಲ. ಡಿಟಿಪಿಯವರು 'ಪ್ರಿಂಟ್ ಚಂದ ಬರಲ್ಲ' ಅಂತಾರೆ. ಬರುತ್ತದೆ, ಬೇರೆ ಫಾಂಟ್ ಹಾಕಿಸಿ.

ಯೂನಿಕೋಡ್ ಇದ್ದರೆ ವರ್ಡ್‌ನ ಟ್ರ್ಯಾಕ್ ಚೇಂಜಸ್ ಅಥವಾ ಗೂಗಲ್ ಡಾಕ್ಸ್ ಬಳಸಬಹುದು, ಯಾರು ಯಾವಾಗ ಏನು ತಿದ್ದಿದರು ಅನ್ನುವುದು ಉಳಿಯುತ್ತದೆ. ಆದರೆ ಗೂಗಲ್ ಡಾಕ್ಸಿನಲ್ಲಿ ಗೈಡ್ ಓದುತ್ತಿರುವಾಗಲೇ ಸ್ಕಾಲರ್ ತಿದ್ದುತ್ತ ಕೂತರೆ ಕಾಮೆಂಟ್ ಒಂದು ಕಡೆ, ವಾಕ್ಯ ಇನ್ನೊಂದು ಕಡೆ. ಕೊಟ್ಟ ಮೇಲೆ ಆ ಪ್ರತಿಯನ್ನು ಮುಟ್ಟಬಾರದು.

ಕರೆಕ್ಷನ್ ಬಂತು, ಮುಂದೆ?

ನಮ್ಮ ಗೈಡ್‌ಗಳಲ್ಲಿ ಹೆಚ್ಚಿನವರು ಬಾಯಿಮಾತಿನವರು. ಎದುರು ಕೂರಿಸಿಕೊಂಡು ಚಹಾ ತರಿಸಿ ಒಂದು ತಾಸು ಮಾತಾಡುತ್ತಾರೆ, ಒಳ್ಳೆಯ ಮಾತುಗಳನ್ನೇ ಹೇಳುತ್ತಾರೆ. ಕಾಗದದ ಮೇಲೆ ಮಾತ್ರ 'ಆಧಾರ?', 'ವಿಸ್ತರಿಸಿ', 'ಸರಿಪಡಿಸಿ' ಎಂಬ ಮೂರು ಪದ. 'ಕೈಮಗ್ಗಗಳ ಸಂಖ್ಯೆ ಗಣನೀಯವಾಗಿ ಇಳಿದಿದೆ' ಎಂಬ ವಾಕ್ಯದ ಪಕ್ಕ 'ಆಧಾರ?' ಅಂತಿದ್ದರೆ ಗೈಡ್ ಕೇಳುತ್ತಿರುವುದು ಯಾವ ವರ್ಷದ ಗಣತಿಗೆ ಹೋಲಿಸಿ ಅಂತ. ಸ್ಕಾಲರ್ ಹೋಗಿ ಯಾವುದೋ ಲೇಖನದ ಅಡಿಟಿಪ್ಪಣಿ ಅಂಟಿಸಿ ತರುತ್ತಾನೆ. ಎರಡನೇ ಸುತ್ತಿನಲ್ಲೂ ಅದೇ 'ಆಧಾರ?'. ಹೀಗೆ ಒಂದು ವಾಕ್ಯಕ್ಕೆ ಒಂದು ಸೆಮಿಸ್ಟರ್ ಹೋಗಿಬಿಡುತ್ತದೆ. ಎದುರಿಗಿದ್ದಾಗಲೇ 'ಸರ್, ಇಲ್ಲಿ ಗಣತಿ ಅಂಕಿ ಬೇಕೇನ್ರಿ, ಫೀಲ್ಡಿನ ಸಂದರ್ಶನ ಸಾಕೇನ್ರಿ?' ಅಂತ ಕೇಳಿದ್ದರೆ ಒಂದು ನಿಮಿಷದ ಮಾತು.

ಮಾತು ಮುಗಿಸಿ ಬಂದ ಅಂದೇ, ಬಸ್ಸಿನಲ್ಲಿ ಕೂತಾದರೂ, ಹೇಳಿದ್ದನ್ನು ಆರೇಳು ಸಾಲಿನಲ್ಲಿ ಬರೆದು ಇ-ಮೇಲ್ ಮಾಡಬೇಕು: 'ಸರ್, ಇಂದು ತಾವು ಹೇಳಿದ್ದರಲ್ಲಿ ನಾನು ಗ್ರಹಿಸಿದ್ದು ಇಷ್ಟು. ಬಿಟ್ಟಿದ್ದರೆ ತಿಳಿಸಿ.' ಮೂರು ತಿಂಗಳ ಮೇಲೆ ಗೈಡ್ 'ಇದನ್ನ ಯಾರು ಹೇಳಿದ್ರಪಾ ನಿನಗ?' ಅಂತ ಕೇಳುವುದು ಖಂಡಿತ. ಅವರಿಗೆ ನೆನಪಿರುವುದಿಲ್ಲ, ನೆನಪಿರಬೇಕು ಅಂತ ಬಯಸುವುದೂ ನ್ಯಾಯವಲ್ಲ. ಎಂಟು ಜನರ ಎಂಟು ವಿಷಯ ಅವರ ತಲೆಯಲ್ಲಿದೆ. ಇ-ಮೇಲ್ ತೋರಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ವಾಟ್ಸಾಪ್ ಇದಕ್ಕೆ ಆಗುವುದಿಲ್ಲ, ಫೋನ್ ಬದಲಾದರೆ ಹೋಯಿತು.

ಉದ್ದನೆಯ ನೋಟುಬುಕ್ಕಿನಲ್ಲೋ ಎಕ್ಸೆಲ್ ಶೀಟಿನಲ್ಲೋ ಒಂದು ಕರೆಕ್ಷನ್ ರಿಜಿಸ್ಟರ್ ಇಡಿ. ಪುಟ, ಗೈಡ್ ಬರೆದದ್ದು, ನಾನು ಮಾಡಿದ್ದು, ಹೀಗೆ ಮೂರು ಕಾಲಮ್ಮು. ಒಪ್ಪದ ಕರೆಕ್ಷನ್ ಇದ್ದರೆ ಮೂರನೇ ಕಾಲಮ್ಮಿನಲ್ಲಿ ಕಾರಣ ಬರೆಯಿರಿ. ಒಪ್ಪದೆ ಸುಮ್ಮನೆ ಬಿಟ್ಟರೆ ಗೈಡ್‌ಗೆ ಅದು ಉದಾಸೀನ ಅಂತಲೇ ಕಾಣುತ್ತದೆ. ಗೈಡ್‌ಗಳ ದೊಡ್ಡ ದೂರು ಇದೇ: ಹೋದ ಸಲ ಹೇಳಿದ್ದನ್ನೇ ಮಾಡಿಲ್ಲ, ಈ ಸಲ ಯಾಕೆ ಓದಲಿ? ಅವರು ಹೇಳುವುದರಲ್ಲಿ ನ್ಯಾಯವಿದೆ. ಹಳೇ ಗುರುತುಗಳು ಹಾಗೇ ಉಳಿದ ಡ್ರಾಫ್ಟು ಕೈಗೆ ಬಂದರೆ ಯಾರಿಗೂ ಮೂರನೇ ಪುಟ ದಾಟಲು ಮನಸ್ಸಾಗುವುದಿಲ್ಲ.

ಸ್ಕಾಲರ್ ಕಡೆಯ ತಡದ ಲೆಕ್ಕ ಯಾರೂ ಹಾಕುವುದಿಲ್ಲ. ಗೈಡ್ ಮೂರು ವಾರ ತಡ ಮಾಡಿದ್ದು ನೆನಪಿರುತ್ತದೆ, ತಿದ್ದಿದ ಪ್ರತಿ ಬಂದ ಮೇಲೆ ತಾನು ಐದು ತಿಂಗಳು ಬಿಚ್ಚದೆ ಇಟ್ಟಿದ್ದು ಮರೆಯುತ್ತದೆ. ಕೆಲಸ ಆಗಿಲ್ಲವೆಂದು ಮುಖ ತಪ್ಪಿಸುವುದು, ತಪ್ಪಿಸಿದ್ದಕ್ಕೆ ಇನ್ನಷ್ಟು ನಾಚಿಕೆ, ಆ ನಾಚಿಕೆಗೆ ಮತ್ತೆ ಎರಡು ತಿಂಗಳು. ಪಾರ್ಟ್‌ಟೈಮ್‌ನವರು ಅರ್ಧದಲ್ಲಿ ಬಿಡುವುದು ಬಹುಪಾಲು ಈ ದಾರಿಯಲ್ಲೇ. ಏನೂ ಬರೆಯದಿದ್ದರೂ ತಿಂಗಳಿಗೊಂದು ಐದು ಸಾಲಿನ ಇ-ಮೇಲ್ ಹೋಗಲಿ: ಈ ತಿಂಗಳು ಇಷ್ಟು ಓದಿದೆ, ಇಷ್ಟು ಬರೆದೆ, ಬರುವ ತಿಂಗಳು ಇದು. ಉತ್ತರ ಬರದಿದ್ದರೂ ಚಿಂತೆಯಿಲ್ಲ.

ಗೈಡ್ ಹತ್ತಿರ ಅಧ್ಯಾಯ ಇರುವ ವಾರಗಳಲ್ಲಿ ಕೈಕಟ್ಟಿ ಕೂರುವುದು ಇನ್ನೊಂದು ರೂಢಿ. ಗ್ರಂಥಸೂಚಿ, ಕೋಷ್ಟಕಗಳ ಪಟ್ಟಿ, ಅನುಬಂಧ, ಸಂದರ್ಶನಗಳನ್ನು ಬರಹಕ್ಕೆ ಇಳಿಸುವುದು, ಇವೆಲ್ಲ ಗೈಡ್ ಒಪ್ಪಿಗೆ ಬೇಡದ ಕೆಲಸಗಳು. ಇವನ್ನು ಆ ವಾರಗಳಿಗೇ ಎತ್ತಿಡಬೇಕು. ಕೊನೆಗೆ ಉಳಿಸಿಕೊಂಡವರು ಸಲ್ಲಿಕೆಯ ತಿಂಗಳಲ್ಲಿ ಪ್ರಕಾಶಕರ ಹೆಸರು ಹುಡುಕುತ್ತ ಅಲೆಯುತ್ತಾರೆ.

ತಾರೀಖು ದಾಟಿದಾಗ

ಒಪ್ಪಿದ ದಿನಕ್ಕೆ ಎರಡು ದಿನ ಮೊದಲು ಒಂದು ನೆನಪೋಲೆ, ದಿನ ದಾಟಿದ ವಾರಕ್ಕೆ ಇನ್ನೊಂದು. 'ಸರ್ ನೋಡಿದ್ರಾ?' ಎಂಬ ಮೆಸೇಜಿಗೆ ಉತ್ತರ ಬರುವುದಿಲ್ಲ, ಏಕೆಂದರೆ 'ಇಲ್ಲ' ಅನ್ನಲು ಯಾರಿಗೂ ಇಷ್ಟವಿಲ್ಲ. 'ಸರ್ ನಮಸ್ಕಾರ. ನಾಲ್ಕನೇ ಅಧ್ಯಾಯದ ಪುಟ 14ರಿಂದ 22 ಮಾತ್ರ ನೋಡಿ ಹೇಳಿದರೆ ಐದನೆಯದನ್ನು ಶುರುಮಾಡುತ್ತೇನೆ. ಸೋಮವಾರ ಮಧ್ಯಾಹ್ನ ಹತ್ತು ನಿಮಿಷ ಬರಲೇ?' ಎಂಬುದಕ್ಕೆ ಬರುತ್ತದೆ. ಕೇಳುವುದನ್ನು ಚಿಕ್ಕದು ಮಾಡಬೇಕು.

ಅದೂ ಆಗದಿದ್ದರೆ ಆರ್‌ಎಸಿ ಇದೆ. ಇಲ್ಲೊಂದು ಸೂಕ್ಷ್ಮ: ಆ ಸಮಿತಿಯ ಸಂಚಾಲಕರು ಗೈಡೇ. ಅವರ ಎದುರು ಅವರ ಮೇಲೆ ದೂರು ಹೇಳಲು ಯಾರಿಗೂ ಬಾಯಿ ಬಾರದು, ಹೇಳುವುದು ಜಾಣತನವೂ ಅಲ್ಲ. ಪ್ರೋಗ್ರೆಸ್ ರಿಪೋರ್ಟಿನಲ್ಲಿ ತಾರೀಖು ಮಾತ್ರ ಬರೆಯಿರಿ. 'ಮೂರನೇ ಅಧ್ಯಾಯ ಇಂಥ ದಿನ ಸಲ್ಲಿಸಲಾಗಿದೆ, ತಿದ್ದುಪಡಿ ಪಡೆದು ಇಂಥ ದಿನ ಮರಳಿ ಸಲ್ಲಿಸಲಾಗಿದೆ. ನಾಲ್ಕನೇ ಅಧ್ಯಾಯ ಇಂಥ ದಿನ ಸಲ್ಲಿಸಲಾಗಿದೆ, ತಿದ್ದುಪಡಿ ನಿರೀಕ್ಷೆಯಲ್ಲಿದೆ.' ಇದರಲ್ಲಿ ದೂರಿಲ್ಲ. ಓದಿದ ಉಳಿದ ಸದಸ್ಯರಿಗೆ ಅರ್ಥವಾಗುತ್ತದೆ. ಪ್ರಗತಿ ತೃಪ್ತಿಕರವಲ್ಲ ಎಂದಾದರೆ ಸಮಿತಿ ಕಾರಣ ದಾಖಲಿಸಿ ಪರಿಹಾರ ಸೂಚಿಸಬೇಕು. ಸ್ಕಾಲರ್ ಅದನ್ನು ಪಾಲಿಸದಿದ್ದರೆ ನೋಂದಣಿ ರದ್ದಿಗೂ ಶಿಫಾರಸು ಮಾಡಬಹುದು. ಅಂಥ ಹೊತ್ತಿನಲ್ಲಿ ಸ್ಕಾಲರ್‌ನನ್ನು ಕಾಯುವುದು ಈ ತಾರೀಖುಗಳೇ. 'ಕೆಲಸ ನಡೆದಿದೆ' ಅಂತ ಒಂದೇ ಸಾಲು ಬರೆದುಕೊಂಡು ಬಂದವರ ಕೈಯಲ್ಲಿ ಆಗ ಏನೂ ಇರುವುದಿಲ್ಲ.

ಫೆಲೋಶಿಪ್ ಇದ್ದವರಿಗೆ ಇನ್ನೊಂದು ಗಂಟು. ಯುಜಿಸಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000 ರೂಪಾಯಿ. ಅದು ಬರಲು ವಿಶ್ವವಿದ್ಯಾಲಯ ತಿಂಗಳು ತಿಂಗಳು ದೃಢೀಕರಿಸಬೇಕು, ಎಸ್‌ಆರ್‌ಎಫ್‌ಗೆ ಏರಲು ಸಮಿತಿ ಕೆಲಸ ನೋಡಿ ಒಪ್ಪಬೇಕು. ಎಲ್ಲದಕ್ಕೂ ಗೈಡ್ ಸಹಿ. ತಿಂಗಳ ಸಹಿ ನಿಂತೀತು ಅಂತ ಹೆದರಿ ಅಧ್ಯಾಯದ ಮಾತು ಎತ್ತದವರು ಬಹಳ. ಸಹಿಯ ದಿನ ಬೇರೆ, ಅಧ್ಯಾಯದ ಮಾತಿನ ದಿನ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಎರಡನ್ನೂ ಒಂದೇ ಭೇಟಿಯಲ್ಲಿ ತಂದರೆ ಸಹಿ ಆಗಿ ಅಧ್ಯಾಯ ಉಳಿಯುತ್ತದೆ. ಇನ್ನು ವಿಭಾಗದ ಸೆಮಿನಾರಿಗೆ ಕುರ್ಚಿ ಹಾಕಿಸುವುದು, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುವುದು ಇಂಥವು. ಒಂದಿಷ್ಟು ಮಾಡುವುದು ವಾಡಿಕೆ, ತಪ್ಪೂ ಅಲ್ಲ. ಅದೇ ವಾರದ ಕೆಲಸವಾದಾಗ 'ಸರ್, ಈ ವಾರ ಅಧ್ಯಾಯ ಕೊಡಬೇಕಲ್ರಿ' ಅನ್ನುವುದು ಎಲ್ಲರಿಗೂ ಒಪ್ಪುವ ನೆಪ.

ಗೈಡ್ ಬದಲಾವಣೆ ಕೊನೆಯ ಹಂತ. ಪ್ರತಿ ವಿಶ್ವವಿದ್ಯಾಲಯದ ಆರ್ಡಿನೆನ್ಸ್ (ಪಿಎಚ್.ಡಿ. ನಿಯಮ) ಬೇರೆ, ಮೊದಲು ಅದನ್ನು ಓದಿ. ಸಾಮಾನ್ಯವಾಗಿ ಹಳೇ, ಹೊಸ ಗೈಡ್ ಇಬ್ಬರ ಒಪ್ಪಿಗೆ ಪತ್ರ ಬೇಕು, ಹೊಸಬರಲ್ಲಿ ಜಾಗ ಖಾಲಿ ಇರಬೇಕು. ಗೈಡ್ ಬದಲಾದ ಮಾತ್ರಕ್ಕೆ 6 ವರ್ಷದ ಗಡಿಯಾರ ಹಿಂದೆ ಹೋಗುವುದಿಲ್ಲ, ಹೊಸಬರು ವಿಷಯಕ್ಕೆ ಹೊಂದಿಕೊಳ್ಳುವುದರಲ್ಲೇ ಒಂದು ಸೆಮಿಸ್ಟರ್ ಹೋಗುತ್ತದೆ. ನಾಲ್ಕನೇ ವರ್ಷದ ಮೇಲೆ ಮಾಡಿದರೆ ನಷ್ಟವೇ ಹೆಚ್ಚು. ಆಗ ಕೋ-ಗೈಡ್ ಕೇಳುವುದು ಲೇಸು. ಇಬ್ಬರಿದ್ದಾಗ ಒಂದೇ ಡ್ರಾಫ್ಟನ್ನು ಒಟ್ಟಿಗೆ ಕಳಿಸಬೇಡಿ, ಎದುರುಬದುರಾದ ಎರಡು ಕರೆಕ್ಷನ್ ಬರುತ್ತವೆ. ಮೊದಲು ಕೋ-ಗೈಡ್, ಅವರದನ್ನು ತಿದ್ದಿಕೊಂಡು ಆಮೇಲೆ ಗೈಡ್. ಲಿಖಿತ ದೂರೇ ಕೊಡಬೇಕಾದರೆ ವಿಭಾಗದ ಮುಖ್ಯಸ್ಥರ ಮೂಲಕ ಹೋಗಿ. ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನದೊಳಗೆ ಅದು ವರದಿ ಕೊಡಬೇಕು. ಅಲ್ಲಿ ಆಗದಿದ್ದರೆ ಓಂಬುಡ್ಸ್‌ಪರ್ಸನ್, ಅಂದರೆ ಅದರ ಮೇಲೆ ದೂರು ವಿಚಾರಿಸುವವರು. ಅಲ್ಲೂ ಕೇಳುವುದು ತಾರೀಖು, ಇ-ಮೇಲ್ ಪ್ರತಿಗಳನ್ನೇ.

ಸಲ್ಲಿಕೆಯ ಸುತ್ತು

ಕೊನೆಯ ಹಂತದಲ್ಲಿ ಗೈಡ್‌ಗಿಂತ ವ್ಯವಸ್ಥೆಯ ತಡವೇ ಹೆಚ್ಚು. ಥೀಸಿಸ್ ಸಲ್ಲಿಸುವ ಮೊದಲು ಕೊಡುವ ಪ್ರೀ-ಸಬ್ಮಿಷನ್ ಪ್ರೆಸೆಂಟೇಶನ್‌ನಲ್ಲಿ ಬಂದ ಸಲಹೆಗಳನ್ನು ಅಂದೇ ಗೈಡ್ ಜೊತೆ ಕೂತು ಎರಡು ಭಾಗ ಮಾಡಿ: ಮಾಡುವವು, ಮಾಡದವು. ಸಭೆಯಲ್ಲಿ ಎದ್ದು ನಿಂತವರ ಎಲ್ಲ ಮಾತನ್ನೂ ಸೇರಿಸಲು ಹೊರಟವರ ಸಲ್ಲಿಕೆ ಒಂದು ವರ್ಷ ಮುಂದಕ್ಕೆ ಹೋಗಿದ್ದುಂಟು. ಕೃತಿಚೌರ್ಯದ ವರದಿಯಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ತೊಂದರೆಯಿಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಪ್ರತಿ ಅಧ್ಯಾಯ ಮುಗಿದಾಗಲೇ ಒಮ್ಮೆ ಓಡಿಸಿ ನೋಡಲು ಗೈಡ್‌ಗೆ ಕೇಳಿಕೊಳ್ಳಿ. ತಂತ್ರಾಂಶದ ಲಾಗಿನ್ ಗ್ರಂಥಾಲಯದವರ ಬಳಿಯೋ ಗೈಡ್ ಬಳಿಯೋ ಇರುತ್ತದೆ. ಓಡಿಸುವಾಗ ಫೈಲನ್ನು ತಂತ್ರಾಂಶದ ಭಂಡಾರದಲ್ಲಿ (ರೆಪಾಸಿಟರಿ) ಉಳಿಸದ ಹಾಗೆ ಹೇಳಬೇಕು, ಇಲ್ಲವಾದರೆ ಕೊನೆಯ ಪರೀಕ್ಷೆಯಲ್ಲಿ ನಿಮ್ಮ ಅಧ್ಯಾಯಕ್ಕೆ ನಿಮ್ಮದೇ ಅಧ್ಯಾಯ ಹೋಲಿಕೆಯಾಗಿ ನಿಲ್ಲುತ್ತದೆ.

ಸಲ್ಲಿಸಿದ ಮೇಲೆ ಥೀಸಿಸ್ ಓದುವವರು ಗೈಡ್ ಮತ್ತು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು. ಹೊರಗಿನವರ ವರದಿ ತಡವಾದರೆ ಸ್ಕಾಲರ್ ನೇರ ಕೇಳುವಂತಿಲ್ಲ, ಅವರು ಯಾರೆಂಬುದೂ ಗೊತ್ತಿರಬಾರದು. ಗೈಡ್ ಮೂಲಕ ಪಿಎಚ್.ಡಿ. ವಿಭಾಗಕ್ಕೆ ವಿಚಾರಿಸಬಹುದು. ಆದರೆ ಗೈಡ್ ತಾವೇ ಬರೆಯಬೇಕಾದ ವರದಿ ಹೋಗಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಅವರನ್ನೇ ನೇರವಾಗಿ, ಸಲ್ಲಿಸಿದ ತಿಂಗಳಲ್ಲೇ ಕೇಳಿ ತಿಳಿದುಕೊಳ್ಳಿ. ಹೊರಗಿನ ಎರಡೂ ವರದಿ ಬಂದು, ಒಳಗಿನದೊಂದಕ್ಕೇ ಫೈಲು ನಿಂತ ಉದಾಹರಣೆಗಳಿವೆ.